ಕಣ್ಣಿಗೆ ಕಂಡರಷ್ಟೇ ಸಾಲದು

ಮಲೆನಾಡಿನಲ್ಲಿ ದೂರಕ್ಕೆ ಎರಡು ಲೆಕ್ಕಗಳಿವೆ. ಎದುರು ಗುಡ್ಡದ ಮನೆಯ ದೀಪ ರಾತ್ರಿ ನಮ್ಮ ಜಗಲಿಯಿಂದಲೇ ಕಾಣುತ್ತದೆ. ಆ ಮನೆಗೆ ಹೋಗಬೇಕೆಂದರೆ ಹಳ್ಳ ಇಳಿದು, ಸೇತುವೆ ಸುತ್ತಿ, ಘಾಟಿ ಹತ್ತಿ ಅರ್ಧ ದಿನ ಕಳೆಯಬೇಕು. ಹಾಲಿನ ಕ್ಯಾನು, ಪಡಿತರ, ಕಾಗದ, ಮದುವೆಯ ಕರೆ ಎಲ್ಲವೂ ಈ ಎರಡನೆಯ ಲೆಕ್ಕಕ್ಕೇ ತಲೆಬಾಗಿವೆ. ಇಂಟರ್‌ನೆಟ್ಟೂ ಅಷ್ಟೆ. ತಂತಿಯಲ್ಲಿ ಬರಬೇಕೆಂದರೆ ರಸ್ತೆಯ ಪಕ್ಕದಲ್ಲೇ ಬರಬೇಕು; ರಸ್ತೆಯೇ ಸರಿಯಿಲ್ಲದ ಊರಿಗೆ ಅದು ಬರುವುದು ಕಟ್ಟಕಡೆಗೆ.

2020 ಮತ್ತು 2021ರಲ್ಲಿ ಶಾಲೆಗಳು ಮುಚ್ಚಿದಾಗ ಇದು ಪಟ್ಟಣದವರ ಕಣ್ಣಿಗೂ ಬಿತ್ತು. ಮಕ್ಕಳು ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಿದರು, ಮರದ ಕೆಳಗೆ ಟಾರ್ಪಾಲು ಕಟ್ಟಿಕೊಂಡು ಪಾಠ ಕೇಳಿದರು. 2021ರ ಜೂನ್‌ನಲ್ಲಿ ಸುಳ್ಯ ತಾಲ್ಲೂಕಿನಲ್ಲಿ ಸುರಿವ ಮಳೆಯಲ್ಲಿ ರಸ್ತೆಬದಿ ಕುಳಿತ ಮಗಳಿಗೆ ತಂದೆಯೊಬ್ಬರು ಕೊಡೆ ಹಿಡಿದು ನಿಂತ ಚಿತ್ರವನ್ನು ನೀವೂ ನೋಡಿರುತ್ತೀರಿ. ಚಿತ್ರ ನೋಡಿ ಮರುಗಿದವರು ಬಹಳ ಮಂದಿ. ಶಾಲೆಗಳು ತೆರೆದ ಮೇಲೆ ಆ ಮರುಕವೂ ತಣ್ಣಗಾಯಿತು. ಗುಡ್ಡದ ಆಚೆಯ ಮನೆಗಳು ಮಾತ್ರ ಇದ್ದಲ್ಲೇ ಇದ್ದವು.

ನಮ್ಮ ಅಕ್ಕನ ಮಗ ತಾಲ್ಲೂಕು ಕೇಂದ್ರದಲ್ಲಿ ಪರವಾನಗಿ ಇರುವ ಕಂಪನಿಯೊಂದರ ಪರವಾಗಿ ಮನೆಗಳಿಗೆ ಬ್ರಾಡ್‌ಬ್ಯಾಂಡ್ ಕೊಡುವ ಸಣ್ಣ ವ್ಯವಹಾರ ನಡೆಸುತ್ತಾನೆ. 2022ರ ಮಾರ್ಚ್‌ನಲ್ಲಿ ಅವನೂ ಅವನ ಪಾಲುದಾರನೂ ಸೇರಿ, ಪೇಟೆಯಿಂದ 9 ಕಿ.ಮೀ. ನೇರ ದೂರದಲ್ಲಿರುವ ಹದಿನಾಲ್ಕು ಮನೆಗಳ ಒಂದು ಹಳ್ಳಿಗೆ ತಂತಿಯಿಲ್ಲದೆ, ರೇಡಿಯೊ ಮೂಲಕ ಇಂಟರ್‌ನೆಟ್ ಮುಟ್ಟಿಸುವ ಸಾಹಸಕ್ಕೆ ಹೊರಟರು. "ಖಾಲಾ, ನಿಮ್ಮ ಅಕ್ಷರ ಚೆನ್ನಾಗಿದೆ, ಲೆಕ್ಕದ ಪುಸ್ತಕ ನೀವು ಇಟ್ಟುಕೊಳ್ಳಿ" ಎಂದ. ಹೀಗೆ ಕಥೆ ಬರೆಯುವ ನಮ್ಮ ಕೈಗೆ ಸಿಗ್ನಲ್ಲಿನ ಅಂಕಿ ಬರೆಯುವ ಕೆಲಸ ಬಂತು.

ಈ ವ್ಯವಸ್ಥೆ ನೋಡಲು ಸರಳ. ಈ ತುದಿಗೊಂದು ಡಿಶ್, ಆ ತುದಿಗೊಂದು ಡಿಶ್. ಎರಡೂ ಮುಖಾಮುಖಿ ನೋಡಬೇಕು. ನಮ್ಮ ಮನೆಗಳಲ್ಲಿರುವ ವೈ-ಫೈ ಎಂಬುದರ ತಮ್ಮನೇ ಇದು. ಹೊರಾಂಗಣದಲ್ಲಿ ಇದನ್ನು ಪ್ರತ್ಯೇಕ ತರಂಗಾಂತರ ಪರವಾನಗಿಯಿಲ್ಲದೆ ಬಳಸಲು ನಮ್ಮ ದೇಶದಲ್ಲಿ ದಾರಿ ತೆರೆದದ್ದು 2005ರ ಜನವರಿಯಲ್ಲಿ. 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಡಿಶ್‌ನಿಂದ ಹೊರಡುವ ಪರಿಣಾಮಕಾರಿ ಬಲ 4 ವ್ಯಾಟ್ ಮೀರಬಾರದು ಎಂಬ ಮಿತಿಯೂ ಅಂದೇ ಬಂತು. 5 ಗಿಗಾಹರ್ಟ್ಸ್ ಪಟ್ಟಿಯ ಹೆಚ್ಚಿನ ಭಾಗ ಮುಕ್ತವಾದದ್ದು 2018ರಲ್ಲಿ. ನಾಲ್ಕು ವ್ಯಾಟ್ ಎಂದರೆ ರಾತ್ರಿ ಮಲಗುವಾಗ ಹಚ್ಚುವ ಸಣ್ಣ ಬಲ್ಬಿನಷ್ಟು. ಅಷ್ಟರಲ್ಲೇ ಕಣಿವೆ ದಾಟಬೇಕು.

ಅಂಗಡಿಯಿಂದ ತಂದ ಪೆಟ್ಟಿಗೆಯ ಮೇಲೆ "30 ಕಿ.ಮೀ. ತನಕ" ಎಂದು ದೊಡ್ಡದಾಗಿ ಅಚ್ಚಾಗಿತ್ತು. ಆ ಮಾತು ಸುಳ್ಳಲ್ಲ. ವೆನೆಜುವೆಲಾದ ಎರ್ಮಾನೊ ಪಿಯೆತ್ರೊಸೆಮೊಲಿ ಎಂಬ ಪ್ರಾಧ್ಯಾಪಕರು ಸಾಧಾರಣ ವೈ-ಫೈ ಉಪಕರಣಗಳಿಂದಲೇ ಪರ್ವತದಿಂದ 2006ರಲ್ಲಿ 279 ಕಿ.ಮೀ., 2007ರಲ್ಲಿ 382 ಕಿ.ಮೀ. ದೂರಕ್ಕೆ ಸಂಪರ್ಕ ಸಾಧಿಸಿ ತೋರಿಸಿದ್ದಾರೆ. ಆದರೆ ಅದು ಎತ್ತರದ ಬೆಟ್ಟ, ನಡುವೆ ಅಡ್ಡಿಯಿಲ್ಲದ ಗಾಳಿ. ನಮ್ಮ ಕಣಿವೆಯಲ್ಲಿ ಅಡಿಕೆ ತೋಟವಿದೆ, ಕಾಫಿಗೆ ನೆರಳು ಕೊಡುವ ಸಿಲ್ವರ್ ಓಕ್ ಇದೆ, ಹಲಸಿದೆ, ಎಲ್ಲಕ್ಕೂ ಮಿಗಿಲಾಗಿ ಜುಲೈ ತಿಂಗಳಿದೆ.

ಮೊದಲ ದಿನವೇ ನಾವು ಕಲಿತ ಪಾಠವೆಂದರೆ, ಎರಡು ಡಿಶ್‌ಗಳು ಒಂದಕ್ಕೊಂದು ಕಾಣಿಸಿದರೆ ಸಾಲದು ಎಂಬುದು. ರೇಡಿಯೊ ಅಲೆ ದಾರದಂತೆ ಹೋಗುವುದಿಲ್ಲ. ನಡುವೆ ಉಬ್ಬಿದ, ಎರಡೂ ತುದಿಗೆ ಸಪೂರವಾದ ಸೌತೆಕಾಯಿಯಂತಹ ಜಾಗವೊಂದು ಅದಕ್ಕೆ ಬೇಕು. ಫ್ರೆಂಚ್ ವಿಜ್ಞಾನಿಯ ಹೆಸರಿನಲ್ಲಿ ಅದನ್ನು ಫ್ರೆನೆಲ್ ವಲಯ ಎನ್ನುತ್ತಾರೆ. 5.8 ಗಿಗಾಹರ್ಟ್ಸ್‌ನಲ್ಲಿ 9 ಕಿ.ಮೀ. ದಾರಿಯ ನಟ್ಟನಡುವೆ ಅದರ ತ್ರಿಜ್ಯ ಸುಮಾರು 11 ಮೀಟರ್. ಅದರಲ್ಲಿ ಶೇ. 60ರಷ್ಟಾದರೂ ಖಾಲಿ ಇರಬೇಕು. ದುರ್ಬೀನಿನಲ್ಲಿ ಆಚೆಯ ಮನೆಯ ಹೆಂಚು ಸ್ಪಷ್ಟವಾಗಿ ಕಂಡರೂ, ನೋಟದ ಗೆರೆಗಿಂತ ನಾಲ್ಕು ಮೀಟರ್ ಕೆಳಗೆ ಇರುವ ಮರದ ತಲೆ ಅಲೆಯನ್ನು ತಿನ್ನುತ್ತದೆ.

ಎರಡನೆಯ ಪಾಠ ಇನ್ನೂ ಸೂಕ್ಷ್ಮ. ಲೆಕ್ಕದ ಪ್ರಕಾರ ನಮ್ಮ ದೂರಕ್ಕೆ ಮೈನಸ್ 66 ಡಿಬಿಎಂ ಸಿಗ್ನಲ್ ಬರಬೇಕಿತ್ತು. ಪಾಲುದಾರ ಆಚೆಯ ಮನೆಯ ಮಾಡಿನ ಮೇಲೆ ಡಿಶ್ಶನ್ನು ಕೂದಲೆಳೆಯಷ್ಟು ಎಡಕ್ಕೆ, ಬಲಕ್ಕೆ ತಿರುಗಿಸುತ್ತ ಫೋನಿನಲ್ಲಿ ಅಂಕಿ ಕೂಗುತ್ತಿದ್ದ. ಮೈನಸ್ 85, 82, 79. ಎತ್ತ ತಿರುಗಿಸಿದರೂ ಅದಕ್ಕಿಂತ ಕಡಿಮೆಯೇ. "ಮಿಲ್ಗಯಾ, ಇದೇ ತುದಿ, ಬೋಲ್ಟು ಬಿಗಿ ಮಾಡಲಾ?" ಎಂದ. ಇಂಟರ್‌ನೆಟ್ಟೂ ಬಂತು, ವಿಡಿಯೊ ಕೂಡ ಓಡಿತು. ಮನೆಯ ಮಕ್ಕಳು ಚಪ್ಪಾಳೆ ತಟ್ಟಿದರು. ನಮ್ಮ ಹುಡುಗ ಮಾತ್ರ ಒಪ್ಪಲಿಲ್ಲ. ಲೆಕ್ಕಕ್ಕಿಂತ 13 ಡೆಸಿಬಲ್ ಕಡಿಮೆ ಎಂದರೆ ಬರಬೇಕಾದ ಬಲದ ಇಪ್ಪತ್ತನೆಯ ಒಂದು ಪಾಲು ಮಾತ್ರ ಬರುತ್ತಿದೆ ಎಂದರ್ಥ. ಡಿಶ್‌ಗೆ ಮುಖ್ಯ ಕಿರಣದ ಜೊತೆಗೆ ಅಕ್ಕಪಕ್ಕ ಸಣ್ಣ ಕಿರಣಗಳೂ ಇರುತ್ತವೆ. ಅವುಗಳಲ್ಲೊಂದನ್ನು ಹಿಡಿದವರಿಗೆ ಅದೇ ಶಿಖರವೆಂದು ತೋರುತ್ತದೆ. ಬೋಲ್ಟು ಪೂರ್ತಿ ಸಡಿಲಿಸಿ, ಬಂದ ಸಿಗ್ನಲ್ಲನ್ನು ಕಳೆದುಕೊಂಡು, ದೂರ ತಿರುಗಿಸಿ ಹುಡುಕಿದಾಗ ಮೈನಸ್ 69 ಸಿಕ್ಕಿತು.

ನಮ್ಮ ಉರ್ದು ಶಾಲೆಯಲ್ಲಿ ವರ್ಷದ ಕೊನೆಗೆ ಬರೆಯುತ್ತಿದ್ದುದು ಇಮ್ತಿಹಾನ್. ಬದುಕು ಮನುಷ್ಯನ ಮುಂದೆ ಇಡುವುದಕ್ಕೆ ಹಿರಿಯರು ಆಜ್ಮಾಯಿಶ್ ಎನ್ನುತ್ತಿದ್ದರು. ಕನ್ನಡದಲ್ಲಿ ಎರಡಕ್ಕೂ ಪರೀಕ್ಷೆ ಎಂದೇ ಹೇಳಿಬಿಡುತ್ತೇವೆ. ಮಾರ್ಚ್ ತಿಂಗಳ ಬಿಸಿಲಲ್ಲಿ, ಎಲೆಯುದುರಿದ ಮರಗಳ ನಡುವೆ, ಕರೆಂಟಿರುವ ಹೊತ್ತಿನಲ್ಲಿ ಮಾಡಿದ್ದು ಇಮ್ತಿಹಾನ್. ಅಷ್ಟಕ್ಕೇ ಪಾಸಾಯಿತೆಂದು ಪಾಲುದಾರ ಹದಿನಾಲ್ಕು ಮನೆಗಳಿಂದ ಮುಂಗಡ ವಸೂಲಿ ಮಾಡಬೇಕೆಂದ. ಅವನದೂ ತಪ್ಪಲ್ಲ, ಇಬ್ಬರೂ ಬಡ್ಡಿಗೆ ಸಾಲ ತಂದಿದ್ದರು. ಹುಡುಗ ಒಂದು ಮಳೆಗಾಲ ಕಳೆಯಲಿ ಎಂದ. ಡಿಶ್ ನಿಲ್ಲಿಸಲು ಜಾಗ ಕೊಟ್ಟ ಮನೆಗೆ ಮಾತ್ರ ಪುಕ್ಕಟೆ ಸಂಪರ್ಕ ಕೊಟ್ಟು, "ಇದು ಪರೀಕ್ಷೆಗೆ, ಯಾವಾಗ ಬೇಕಾದರೂ ಹೋಗಬಹುದು, ನಂಬಿಕೊಂಡು ಕೂರಬೇಡಿ ಅಮ್ಮಾ" ಎಂದು ಬಿಡಿಸಿ ಹೇಳಿದ.

ಇಂತಹ ಕಾಯುವಿಕೆಗೆ ಅರ್ಥವಿದೆ ಎಂಬುದಕ್ಕೆ ನಮಗಿಂತ ಮೊದಲು ಈ ದಾರಿ ತುಳಿದವರ ಅನುಭವವೇ ಸಾಕ್ಷಿ. ಈ ಶತಮಾನದ ಆರಂಭದಲ್ಲಿ ಕಾನ್ಪುರದ ಐಐಟಿಯವರು ಗಂಗಾ ಬಯಲಿನ ಹಳ್ಳಿಗಳಿಗೆ ಎತ್ತರದ ಗೋಪುರಗಳ ಮೂಲಕ ಹೀಗೆಯೇ ಸಂಪರ್ಕ ಕೊಟ್ಟು ನೋಡಿದರು. 2005ರಲ್ಲಿ ಧರ್ಮಶಾಲಾದಲ್ಲಿ ಏರ್‌ಜಲ್ದಿ ಎಂಬ ಜಾಲ ಶುರುವಾದಾಗ ಅಲ್ಲಿನ ಮಂಗಗಳು ಡಿಶ್ ಹಿಡಿದು ಜೋತಾಡುವುದನ್ನೂ ತಡೆಯುವಂತೆ ಕಂಬ ನೆಡಬೇಕಾಯಿತು. ಎಲ್ಲಕ್ಕಿಂತ ದೊಡ್ಡ ಪಾಠ ತಮಿಳುನಾಡಿನ ತೇನಿಯದು. ಅಲ್ಲಿ ಅರವಿಂದ ಕಣ್ಣಾಸ್ಪತ್ರೆ ಹಳ್ಳಿಗಳಲ್ಲಿ ನೇತ್ರ ಕೇಂದ್ರಗಳನ್ನು ತೆರೆದು, ರೋಗಿಯನ್ನು ವಿಡಿಯೊ ಮೂಲಕ ಆಸ್ಪತ್ರೆಯ ವೈದ್ಯರ ಜೊತೆ ಮಾತಾಡಿಸಲು ಮುಂದಾಯಿತು. ಎರಿಕ್ ಬ್ರೂವರ್ ಮುಂದಾಳತ್ವದ ಬರ್ಕ್ಲಿ ವಿಶ್ವವಿದ್ಯಾಲಯದ ತಂಡ ಅದಕ್ಕೆ ದೂರಗಾಮಿ ವೈ-ಫೈ ಜೋಡಿಸಿಕೊಟ್ಟಿತು.

ಮನೆಯೊಳಗಿನ ವೈ-ಫೈ ಪ್ರತಿ ಮಾತಿಗೂ "ಸಿಕ್ಕಿತು" ಎಂಬ ಉತ್ತರಕ್ಕೆ ಕಾಯುತ್ತದೆ. ಉತ್ತರ ಹಲವು ಕಿ.ಮೀ. ದೂರದಿಂದ ಬರಬೇಕಾದರೆ ತಡವಾಗುತ್ತದೆ, 9 ಕಿ.ಮೀ. ಹೋಗಿ ಬರಲು ಸೆಕೆಂಡಿನ ಹತ್ತು ಲಕ್ಷದಲ್ಲಿ 60 ಭಾಗ ಬೇಕು. ಅಷ್ಟರಲ್ಲಿ ತಾಳ್ಮೆಗೆಟ್ಟ ಯಂತ್ರ ಹೇಳಿದ್ದನ್ನೇ ಮತ್ತೆ ಹೇಳುತ್ತದೆ. ಎರಡೂ ಕಡೆ ಸರದಿ ಪ್ರಕಾರ ಮಾತಾಡುವಂತೆ ತಂಡದವರು ಅದರ ನಡವಳಿಕೆಯನ್ನೇ ತಿದ್ದಿದರು. ಇಷ್ಟೆಲ್ಲ ಮಾಡಿದ ಮೇಲೂ ವರ್ಷಗಟ್ಟಲೆ ಕಾಡಿದ್ದು ರೇಡಿಯೊ ಅಲ್ಲ, ಕರೆಂಟು. ಹಳ್ಳಿಯ ವಿದ್ಯುತ್ತು 70 ವೋಲ್ಟಿಗಿಂತ ಕೆಳಗಿಳಿಯುವುದನ್ನೂ 350 ದಾಟುವುದನ್ನೂ ಅವರು ಅಳೆದು ದಾಖಲಿಸಿದರು. ಅಡಾಪ್ಟರು, ಬೋರ್ಡು ಸುಟ್ಟುಹೋಗುತ್ತಿದ್ದವು. ಕೊನೆಗೆ ಜಾಲ ನಿಂತದ್ದು ವಿದ್ಯುತ್ ಸರಿಪಡಿಸಿದ್ದರಿಂದ, ಮತ್ತು ರಿಪೇರಿ ವಿದ್ಯೆಯನ್ನು ಅಲ್ಲಿಯದೇ ಹುಡುಗರಿಗೆ ಕಲಿಸಿದ್ದರಿಂದ.

ನಮ್ಮ ಪುಸ್ತಕದಲ್ಲೂ ಮಳೆಗಾಲ ಅದೇ ಕಥೆ ಬರೆಸಿತು. ಜೂನ್ ಮೂರನೆಯ ವಾರ ಧಾರಾಕಾರ ಮಳೆ ಹೊಡೆದ ದಿನ ಸಿಗ್ನಲ್ ಎರಡು ಮೂರು ಅಂಕಿ ಮಾತ್ರ ಇಳಿಯಿತು. ಈ ಅಲೆಗಳಿಗೆ ಬೀಳುವ ಹನಿ ಅಷ್ಟು ಅಡ್ಡಿಯಲ್ಲ. ಪೆಟ್ಟು ಕೊಟ್ಟದ್ದು ಹಲಸಿನ ಮರ. ಹೊಸ ಚಿಗುರು ತುಂಬಿ, ನೀರು ಕುಡಿದು ಭಾರವಾದ ಎಲೆಗಳು ಗಾಳಿಗೆ ತೂಗಿದಂತೆಲ್ಲ ಅಂಕಿ ಮೈನಸ್ 72ರಿಂದ 83ಕ್ಕೆ ಹೋಗಿ ಬರುತ್ತಿತ್ತು. ಪಿಂಗ್ ಎಂಬ ಕರೆಯನ್ನು ಸಾವಿರ ಸಲ ಕಳಿಸಿದರೆ ನೂರಾರು ಮರಳುತ್ತಿರಲಿಲ್ಲ. ಇನ್ನೊಂದು ದಿನ ಮಳೆ ನಿಂತು ಬಿಸಿಲು ಬಂದ ಮೇಲೆ ಸಂಪರ್ಕ ಕಡಿಯಿತು. ನೋಡಿದರೆ ಕೇಬಲ್ಲಿನ ಮೈಮೇಲೆ ಜಾರಿದ ನೀರು ರೇಡಿಯೊದ ಬಾಯಿಗೇ ಇಳಿದಿತ್ತು. ಕೇಬಲ್ಲನ್ನು ಒಂದು ಗೇಣು ಕೆಳಗೆ ಜೋಲು ಬಿಟ್ಟು ಮೇಲೆ ಎತ್ತಿ ಜೋಡಿಸಿದಾಗ ನೀರು ಆ ಜೋಲಿನಿಂದಲೇ ತೊಟ್ಟಿಕ್ಕಿ ಹೋಯಿತು.

ಹಲಸನ್ನು ಕಡಿಯೋಣವೆಂದು ಪಾಲುದಾರ ಹೇಳಿದ. ಆ ಮನೆಯ ಅಜ್ಜಿ ಜಗುಲಿಯಿಂದ ಏಳದೆ ಕೇಳಿದರು: "ನಮ್ಮತ್ತೆ ನೆಟ್ಟ ಮರ ಮಾರಾಯ. ನಿಂದು ಎಷ್ಟು ವರ್ಷ ಇರ್ತದೆ?" ಮೊಮ್ಮಗಳು ಮಾತಾಡಲಿಲ್ಲ. ಅವಳಿಗೆ ಇಂಟರ್‌ನೆಟ್ ಬೇಕಿತ್ತು, ಡಿಗ್ರಿಯ ಎರಡನೆಯ ವರ್ಷ. ಹುಡುಗ ಮರ ಮುಟ್ಟಲಿಲ್ಲ. ಇನ್ನೂ ಆರು ಮೀಟರ್ ಜಿಐ ಪೈಪು ಕೊಂಡು, ಸ್ಟೇ ವೈರು ಎಳೆದು, ಕಂಬವನ್ನು ಏರಿಸಿದ. ಸಿಡಿಲಿಗೆಂದು ಅರ್ಥಿಂಗ್ ಹೊಸದಾಗಿ ಹೂತ. ಸಾಲ ಇನ್ನಷ್ಟು ಬೆಳೆಯಿತು. ಅಂಕಿ ಮೈನಸ್ 68ಕ್ಕೆ ಬಂದು ನಿಂತಿತು.

ಆಮೇಲಿನ ವಾರವೇ ಆ ಹುಡುಗಿಯ ವಿದ್ಯಾರ್ಥಿವೇತನದ ಅರ್ಜಿಗೆ ಕೊನೆಯ ದಿನ. ಬೆಳಿಗ್ಗೆ ಹೋದ ಕರೆಂಟು ಮಧ್ಯಾಹ್ನ ಬಂದದ್ದೇ ಅಡಾಪ್ಟರನ್ನು ಸುಟ್ಟಿತು. ಅವಳು ಅಳುತ್ತ ಕೂರಲಿಲ್ಲ. ಮೊದಲೇ ತಿಳಿಸಿದ್ದರಿಂದ ಹಿಂದಿನ ದಿನವೇ ಕಾಗದಪತ್ರ ಜೋಡಿಸಿಟ್ಟಿದ್ದಳು. ಅಣ್ಣನ ಬೈಕಿನಲ್ಲಿ ಪೇಟೆಗೆ ಬಂದು ಸಂಜೆ ಐದಕ್ಕೆ ಅರ್ಜಿ ಹಾಕಿದಳು. ಮಾರ್ಚ್‌ನಲ್ಲೇ "ಎಲ್ಲ ಸರಿಯಾಗಿದೆ" ಎಂದು ಹಣ ಪಡೆದಿದ್ದರೆ ಆ ಹುಡುಗಿ ನಂಬಿ ಮನೆಯಲ್ಲೇ ಕೂರುತ್ತಿದ್ದಳು. ಆ ಸಂಜೆ ಪಾಲುದಾರನೂ ಮುಂಗಡದ ಮಾತೆತ್ತಲಿಲ್ಲ. ರೇಡಿಯೊವನ್ನು ಗೋಡೆಯ ಕರೆಂಟಿನಿಂದ ಬಿಡಿಸಿ ಬ್ಯಾಟರಿಗೆ ಜೋಡಿಸಿದರು, ಬ್ಯಾಟರಿಗೆ ಸೋಲಾರ್ ಫಲಕ ಇಟ್ಟರು. ಅಕ್ಟೋಬರ್‌ನಲ್ಲಿ, ನಮ್ಮ ಪುಸ್ತಕದ ಏಳು ತಿಂಗಳ ಅಂಕಿಗಳನ್ನು ಊರವರ ಮುಂದೆ ಓದಿ ಹೇಳಿದ ಮೇಲೆ, ಹದಿನಾಲ್ಕರಲ್ಲಿ ಒಂಬತ್ತು ಮನೆಯವರು ಹಣ ಕೊಟ್ಟರು. ಉಳಿದವರು ಇನ್ನೊಂದು ಮಳೆಗಾಲ ನೋಡುತ್ತೇವೆ ಎಂದರು. ಅವರು ಹಾಗೆ ಹೇಳಿದ್ದೂ ಸರಿಯೆಂದೇ ನಮಗೆ ತೋರಿತು.

ಇಂತಿಷ್ಟು ಗ್ರಾಮಗಳಿಗೆ ಇಂಟರ್‌ನೆಟ್ ತಲುಪಿದೆ ಎಂಬ ಸರಕಾರಿ ಪ್ರಕಟಣೆಗಳನ್ನು ನಾವು ಆಗಾಗ ಓದುತ್ತೇವೆ. ಗ್ರಾಮ ಪಂಚಾಯತಿಗಳಿಗೆ ಭಾರತ್‌ನೆಟ್ ಯೋಜನೆಯ ಫೈಬರ್ ಎಳೆದದ್ದು ಸಣ್ಣ ಕೆಲಸವಲ್ಲ. ಆದರೆ ಪಂಚಾಯತಿ ಕಚೇರಿಯ ಗೋಡೆಗೆ ಪೆಟ್ಟಿಗೆ ಬಂದ ಮೇಲೂ ಗುಡ್ಡದ ಆಚೆಯ ಮನೆ ಎಷ್ಟೋ ಕಿ.ಮೀ. ದೂರದಲ್ಲೇ ಇರುತ್ತದೆ. ಅಂಕಿ ಬರೆಯುವ ಅಧಿಕಾರಿಗಳಲ್ಲಿ ನಮ್ಮದೊಂದು ವಿನಂತಿ. ಅಳೆಯುವುದಾದರೆ ಜನವರಿಯ ಬೆಳಗ್ಗೆ ಕಚೇರಿಯಲ್ಲಿ ಅಳೆಯಬೇಡಿ. ಜುಲೈ ತಿಂಗಳ ಸಂಜೆ, ಕರೆಂಟು ಹೋಗಿ ಬಂದ ಹೊತ್ತಿಗೆ, ಊರಿನ ಕೊನೆಯ ಮನೆಯ ಜಗಲಿಯಲ್ಲಿ ಕುಳಿತು ಅಳೆಯಿರಿ. ಅಲ್ಲಿ ಬಂದ ಅಂಕಿಯನ್ನೇ ಬರೆಯಿರಿ.