ಇಂಜಿನ್ನಿನ ಉಸಿರು, ನೆರೆಮನೆಯ ನಿದ್ದೆ

ಕಾರಿನ ಇಂಜಿನ್ ಗಾಳಿಯನ್ನು ಎಳೆದುಕೊಳ್ಳುವ ದಾರಿಯನ್ನು ಬದಲಾಯಿಸಿ, ಅದರ ಸದ್ದನ್ನು ಗಡುಸಾಗಿಸಿಕೊಳ್ಳುವ ಆಸೆ ಈಚೆಗೆ ನಮ್ಮ ಯುವಕರಲ್ಲಿ ಬೆಳೆದಿದೆ. ತಿಲಕ್‌ನಗರ, ಗುರಪ್ಪನಪಾಳ್ಯ, ಇಲ್ಯಾಸ್‌ನಗರ, ಯಾರಬ್‌ನಗರ ಮೊದಲಾದ ದಕ್ಷಿಣ ಬೆಂಗಳೂರಿನ ಮೊಹಲ್ಲಾಗಳ ತಂದೆತಾಯಂದಿರು ಈ ಕುರಿತು ನಮ್ಮನ್ನು ಕೇಳುವುದುಂಟು: “ಹಜ್ರತ್, ಇದು ಹರಾಮೇ?” ಸೈಲೆನ್ಸರ್ ಕಿತ್ತು ಬೀದಿಯಲ್ಲಿ ಅಬ್ಬರಿಸುವವರ ವಿಷಯದಲ್ಲಿ ಒಂದೇ ಮಾತಿನ ಉತ್ತರ ಕೊಡಬಹುದು. ಇಲ್ಲಿ ಹಾಗಾಗದು. ಯಾವುದೇ ವಸ್ತುವಿನ ಬಗ್ಗೆ ತೀರ್ಪು ಹೇಳುವ ಮುನ್ನ ಆ ವಸ್ತು ಏನೆಂದು ಅರಿತಿರಬೇಕೆಂದು ಮದ್ರಸಾದಲ್ಲಿ ನಮಗೆ ಕಲಿಸಿದ್ದರು. ಆದ್ದರಿಂದ ಮೊದಲು ಬಾನೆಟ್ ತೆರೆದು ನೋಡೋಣ.

ಬಿ.ಟಿ.ಎಂ. ಲೇಔಟಿನ ಗ್ಯಾರೇಜೊಂದರಲ್ಲಿ ದುಡಿಯುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಇದನ್ನು ನಮಗೆ ವಿವರವಾಗಿ ತೋರಿಸಿದ. ಪಿಸ್ಟನ್ ಕೆಳಗಿಳಿಯುವಾಗ ವಾಲ್ವ್ ತೆರೆದು ಇಂಜಿನ್ ಗಾಳಿಯನ್ನು ಒಳಗೆಳೆಯುತ್ತದೆ. ನಿಮಿಷಕ್ಕೆ ಸಾವಿರಾರು ಸಲ ನಡೆಯುವ ಈ ಎಳೆತದ ಅಲೆಗಳು ಕೊಳವೆಯಲ್ಲಿ ಹಿಂದಕ್ಕೆ ಹಾಯ್ದು ಸದ್ದಾಗಿ ಹೊರಬರಬೇಕು. ಬಾರದಿರುವುದಕ್ಕೆ ಕಾರಣ ಕಂಪನಿಯವರು ಇಟ್ಟಿರುವ ಪ್ಲಾಸ್ಟಿಕ್ಕಿನ ಫಿಲ್ಟರ್ ಬಾಕ್ಸ್ ಮತ್ತು ಅನೇಕ ಕಾರುಗಳಲ್ಲಿ ಅದರ ಕೊಳವೆಗೆ ಅಂಟಿಕೊಂಡಿರುವ ರೆಸೊನೇಟರ್ ಎಂಬ ಟೊಳ್ಳು ಡಬ್ಬಿ. ಖಾಲಿ ಬಾಟಲಿಯ ಬಾಯಿಗೆ ಊದಿದರೆ ಒಂದೇ ಸ್ವರ ಹೊರಡುತ್ತದಲ್ಲವೇ, ಅದೇ ತತ್ತ್ವವನ್ನು ಇಲ್ಲಿ ಸದ್ದು ಹುಟ್ಟಿಸಲು ಅಲ್ಲ, ಅಡಗಿಸಲು ಬಳಸಿದ್ದಾರೆ. ಈ ಎರಡನ್ನೂ ತೆಗೆದು, ಶಂಕುವಿನಾಕಾರದ ತೆರೆದ ಕೋನ್ ಫಿಲ್ಟರ್ ಕೂರಿಸಿದರೆ ಅಡಗಿದ್ದ ಸದ್ದು ಬಿಡುಗಡೆಯಾಗುತ್ತದೆ. ಆ್ಯಕ್ಸಿಲರೇಟರ್ ಒತ್ತಿದಾಗ ಎದೆಯಿಂದ ಬಂದಂತಹ ಒಂದು ಏದುಸಿರು.

ಅದನ್ನು ಕೇಳಿದಾಗ ನಮಗೆ ತಟ್ಟನೆ ನೆನಪಾದದ್ದು ಸೂರಃ ಅಲ್ ಆದಿಯಾತ್. ಪವಿತ್ರ ಕುರ್‌ಆನಿನ ಈ ನೂರನೆಯ ಅಧ್ಯಾಯ ಆರಂಭವಾಗುವುದೇ ಓಡುವ ಕುದುರೆಗಳ ಮೇಲಿನ ಆಣೆಯಿಂದ. ಅಲ್ಲಿ ಬರುವ ‘ದಬ್‌ಹ್’ ಎಂಬ ಪದಕ್ಕೆ ವೇಗವಾಗಿ ಓಡುವ ಕುದುರೆಯ ಎದೆಯಿಂದ ಹೊರಡುವ ಏದುಸಿರಿನ ಸದ್ದೆಂದು ವ್ಯಾಖ್ಯಾನಕಾರರು ಅರ್ಥ ಹೇಳುತ್ತಾರೆ. ವಾಹನದ ಉಸಿರಿನ ಸದ್ದಿಗೆ ಮನಸೋಲುವುದು ಈ ಕಾಲದ ಹುಡುಗರು ಕಂಡುಹಿಡಿದ ಚಾಪಲ್ಯವೇನಲ್ಲ ಎಂದಾಯಿತು. ಸೂರಃ ಅನ್ನಹ್ಲ್‌ನ ಎಂಟನೆಯ ಸೂಕ್ತವಂತೂ ಕುದುರೆ, ಹೇಸರಗತ್ತೆ, ಕತ್ತೆಗಳನ್ನು ಸವಾರಿಗಾಗಿ ಮಾತ್ರವಲ್ಲ, ಅಲಂಕಾರಕ್ಕಾಗಿಯೂ ಸೃಷ್ಟಿಸಲಾಗಿದೆ ಎನ್ನುತ್ತದೆ. ಹೀಗಿರುವಾಗ ಕಾರಿನ ಅಂದವನ್ನು ಮೆಚ್ಚುವ ಮಗನನ್ನು ಕಂಡೊಡನೆ ಹರಾಮಿನ ಮುದ್ರೆ ಒತ್ತುವ ಹಿರಿಯರ ಆತುರ ನಮಗೆ ಒಪ್ಪಿಗೆಯಿಲ್ಲ. ಆದರೆ ಅಲ್ ಆದಿಯಾತ್ ಕುದುರೆಗಳಲ್ಲೇ ನಿಲ್ಲುವುದಿಲ್ಲ. ಐದು ಸೂಕ್ತಗಳ ಓಟದ ಬಳಿಕ ಆರನೆಯದರಲ್ಲಿ ಅದು ಥಟ್ಟನೆ ಮನುಷ್ಯನತ್ತ ತಿರುಗಿ, ಅವನು ತನ್ನ ಪ್ರಭುವಿಗೆ ಕೃತಘ್ನನೆಂದು ಸಾರುತ್ತದೆ.

ಹೆಚ್ಚು ಗಾಳಿ ಹೋದರೆ ಹೆಚ್ಚು ಶಕ್ತಿ ಬರುತ್ತದೆಂಬುದು ಯುವಕರ ವಾದ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿಯ ಗಾಳಿಯೇ ತುಸು ತೆಳು, ನಿಜ. ಆದರೆ ಬಾಕ್ಸ್ ಇಲ್ಲದ ಕೋನ್ ಫಿಲ್ಟರ್ ಎಳೆಯುವುದು ಬಾನೆಟ್ಟಿನೊಳಗೆ ಕಾದ ಗಾಳಿಯನ್ನು. ಕಾದ ಗಾಳಿ ಇನ್ನಷ್ಟು ತೆಳು. ಬನ್ನೇರುಘಟ್ಟ ರಸ್ತೆಯ ಸಂಜೆಯ ಟ್ರಾಫಿಕ್ಕಿನಲ್ಲಿ ನಿಂತ ಸಣ್ಣ ಕಾರಿಗೆ ಇದರಿಂದ ಶಕ್ತಿ ಕುಂದುವ ಸಂಭವವೇ ಹೆಚ್ಚು. ಕೊಳವೆಯನ್ನು ಬಂಪರಿನ ಕೆಳಕ್ಕಿಳಿಸಿ ತಂಪು ಗಾಳಿ ಎಳೆಯುವಂತೆ ಮಾಡುವವರಿಗೆ ಮಳೆಗಾಲದ ಭಯ: ಸಿಲ್ಕ್ ಬೋರ್ಡ್ ಬಳಿ ನಿಂತ ನೀರನ್ನು ಇಂಜಿನ್ ಒಮ್ಮೆ ಗುಟುಕರಿಸಿದರೆ ಸಾಕು. ನೀರು ಗಾಳಿಯಂತೆ ಕುಗ್ಗುವುದಿಲ್ಲವಾದ್ದರಿಂದ ಪಿಸ್ಟನ್ನಿನ ಕನೆಕ್ಟಿಂಗ್ ರಾಡ್ ಬಾಗಿಹೋಗುತ್ತದೆ. ನಮ್ಮ ವಿದ್ಯಾರ್ಥಿ ಈ ಕೆಲಸದಿಂದಲೇ ಅನ್ನ ಕಾಣುವವನು. ಆದರೂ ಅವನು ಸತ್ಯವನ್ನು ಮರೆಮಾಡಲಿಲ್ಲ. “ಹಜ್ರತ್, ಬರೋರಲ್ಲಿ ಹತ್ತಕ್ಕೆ ಒಂಬತ್ತು ಜನ ಸೌಂಡಿಗೇ ಬರೋದು. ಪವರ್ ಅಂತ ಮನೇಲಿ ಹೇಳ್ತಾರೆ ಅಷ್ಟೆ.”

ಸದ್ದಿಗಾಗಿ ಎಂದಾದರೆ, ಆ ಸದ್ದು ಯಾರ ಪಾಲಿಗೆ ಎಂಬುದೇ ಪ್ರಶ್ನೆ. ನಮ್ಮ ಮೊಹಲ್ಲಾಗಳ ಓಣಿಗಳಲ್ಲಿ ಒಂದು ಮನೆಯ ಒಗ್ಗರಣೆ ಚುರ್ರೆಂದರೆ ಎದುರು ಮನೆಗೆ ಕೇಳಿಸುತ್ತದೆ. ರಮಝಾನಿನ ರಾತ್ರಿಗಳಲ್ಲಿ ತರಾವೀಹ್ ಮುಗಿಸಿ ಸಹರಿಯವರೆಗೆ ಕಾರು ಸುತ್ತಿಸುವ ನಮ್ಮ ಮಕ್ಕಳು ಹಾದುಹೋಗುವ ದಾರಿಯಲ್ಲಿ ಜಯನಗರದ ಜಯದೇವ ಹೃದ್ರೋಗ ಸಂಸ್ಥೆಯಿದೆ, ಮೊದಲ ಬ್ಲಾಕಿನಲ್ಲಿ ಅಪಘಾತಕ್ಕೀಡಾದವರನ್ನು ನೋಡಿಕೊಳ್ಳುವ ಸಂಜಯ್ ಗಾಂಧಿ ಸಂಸ್ಥೆಯಿದೆ. ಹೃದಯದ ಶಸ್ತ್ರಚಿಕಿತ್ಸೆಯಾಗಿ ಮಲಗಿದವನಿಗೆ ಕಿಟಕಿಯಾಚೆಯ ಸದ್ದು ಇಂಪಾಗಿದೆಯೋ ಇಲ್ಲವೋ ಎಂಬ ವಿಮರ್ಶೆಗೆ ಬಿಡುವಿರುವುದಿಲ್ಲ.

ಸಹೀಹ್ ಮುಸ್ಲಿಮ್‌ನಲ್ಲಿ ಹಝ್ರತ್ ಮಿಕ್ದಾದ್(ರ) ಅವರಿಂದ ವರದಿಯಾದ ಒಂದು ಪ್ರಸಂಗವಿದೆ. ಹಸಿವಿನಿಂದ ಬಳಲಿದ್ದ ಅವರಿಗೂ ಅವರ ಇಬ್ಬರು ಸಂಗಡಿಗರಿಗೂ ಪ್ರವಾದಿವರ್ಯರು(ಸ) ಆಶ್ರಯ ಕೊಟ್ಟಿದ್ದರು. ರಾತ್ರಿ ಬರುವಾಗ ಪ್ರವಾದಿವರ್ಯರು(ಸ) ಹೇಳುತ್ತಿದ್ದ ಸಲಾಮ್ ಎಚ್ಚರವಿದ್ದವರಿಗೆ ಕೇಳುತ್ತಿತ್ತು, ಮಲಗಿದವರನ್ನು ಎಬ್ಬಿಸುತ್ತಿರಲಿಲ್ಲ. ಸಲಾಮ್ ಎಂದರೆ ಪ್ರಾರ್ಥನೆ, ಪುಣ್ಯದ ಮಾತು. ಅದಕ್ಕೇ ಇಷ್ಟು ಅಳತೆ! ಅಬೂದಾವೂದ್ ವರದಿ ಮಾಡಿರುವ ಇನ್ನೊಂದು ಹದೀಸ್ ಇದಕ್ಕಿಂತ ಮುಂದೆ ಹೋಗುತ್ತದೆ. ಇಅ್‌ತಿಕಾಫ್‌ನಲ್ಲಿದ್ದ ಪ್ರವಾದಿವರ್ಯರು(ಸ) ಜನರು ಗಟ್ಟಿದನಿಯಲ್ಲಿ ಕುರ್‌ಆನ್ ಪಠಿಸುವುದನ್ನು ಕೇಳಿ ಪರದೆ ಸರಿಸಿ, ಒಬ್ಬರಿಗೊಬ್ಬರು ತೊಂದರೆ ಕೊಡಬೇಡಿ ಎಂದು ತಡೆದರು. ಕುರ್‌ಆನಿನ ದನಿಯೇ ಪಕ್ಕದವನಿಗೆ ಪೀಡೆಯಾಗಬಾರದೆಂದ ಮೇಲೆ ಫಿಲ್ಟರಿನ ದನಿಗೆ ಯಾವ ರಿಯಾಯಿತಿ ಕೇಳೋಣ?

ಇದನ್ನು ಹೇಳುವಾಗ ನಮ್ಮ ಮನಸ್ಸಿನಲ್ಲಿ 2022ರ ದಿನಗಳಿವೆ. ಅಝಾನಿನ ಧ್ವನಿವರ್ಧಕದ ಹೆಸರಿನಲ್ಲಿ ರಾಜ್ಯದಲ್ಲಿ ಎದ್ದ ಗದ್ದಲವನ್ನು ಓದುಗರು ಮರೆತಿರಲಾರರು. ಆ ವರ್ಷದ ಮೇ ತಿಂಗಳಲ್ಲಿ ಸರ್ಕಾರ ಆದೇಶ ಹೊರಡಿಸಿತು. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ಸಲ್ಲದೆಂದಾಯಿತು. ಹಲವು ಮಸೀದಿಗಳಲ್ಲಿ ಶಬ್ದಮಿತಿಯ ಸಾಧನ ಅಳವಡಿಸಿದರು. ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45 ಡೆಸಿಬಲ್ ಎಂಬ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಅಂಕಿಗಳನ್ನು ನಮ್ಮ ಮುತವಲ್ಲಿಗಳು ಬಾಯಿಪಾಠ ಮಾಡಿಕೊಂಡರು. ಅಲ್ಲಾಹನೆಡೆಗಿನ ಕರೆಯನ್ನೇ ನೆರೆಯವರ ಸಲುವಾಗಿ ತಗ್ಗಿಸಿಕೊಂಡ ಓಣಿಯಲ್ಲಿ, ಅದೇ ಮಸೀದಿಯ ಮುಂದೆ, ರಾತ್ರಿ ಒಂದು ಗಂಟೆಗೆ ನಮ್ಮದೇ ಹುಡುಗನ ಕಾರು ಏದುಸಿರು ಬಿಟ್ಟರೆ ಎದುರು ಮನೆಯ ಹಿಂದೂ ವೃದ್ಧೆಗೆ ನಾವು ಏನು ಹೇಳಬೇಕು? ಆಕೆ ಬೈಯಲಾರಳು, ಕಿಟಕಿ ಮುಚ್ಚಿಕೊಳ್ಳುತ್ತಾಳೆ. ಆ ಮುಚ್ಚಿದ ಕಿಟಕಿಯೇ ನಮ್ಮನ್ನು ಹೆಚ್ಚು ಕಾಡುತ್ತದೆ.

ಕಾನೂನಿನ ಮಾತು ಚಿಕ್ಕದು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ವಾಹನದ ಮೂಲ ಸ್ವರೂಪ ಬದಲಿಸುವುದನ್ನು ನಿರ್ಬಂಧಿಸಿದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಬಳಿಕ ಶಬ್ದದ ಮಿತಿ ಮೀರಿದ ವಾಹನಕ್ಕೆ 10,000 ರೂಪಾಯಿವರೆಗೂ ದಂಡವುಂಟು. ಬಾಕ್ಸ್ ಹಾಗೇ ಇರಲು ಬಿಟ್ಟು, ಅದರೊಳಗೇ ಕೂರುವ, ತೊಳೆದು ಬಳಸಬಹುದಾದ ಹತ್ತಿಬಟ್ಟೆಯ ಫಿಲ್ಟರ್ ಹಾಕುವುದು ಬೇರೆ ಮಾತು. ಅದರಿಂದ ಸದ್ದು ಅಷ್ಟಾಗಿ ಏರುವುದಿಲ್ಲ, ಆದ್ದರಿಂದಲೇ ಹುಡುಗರಿಗೆ ಅದು ರುಚಿಸುವುದೂ ಇಲ್ಲ.

ಈ ಕೆಲಸಕ್ಕೆ ಹಾಕುವ ಹಣ ಇಸ್ರಾಫ್ ಅಲ್ಲವೇ ಎಂದು ಕೇಳುವವರಿದ್ದಾರೆ. ಮದುವೆಯ ಶಾದಿಮಹಲಿಗೆ ಲಕ್ಷಗಟ್ಟಲೆ ಸುರಿಯುವ ತಂದೆ ಮಗನ ಕೆಲವು ಸಾವಿರದ ಫಿಲ್ಟರನ್ನು ಇಸ್ರಾಫ್ ಎಂದರೆ ಮಗ ಕೇಳುವುದಿಲ್ಲ. ಹಣದ ಮಾತನ್ನು ಬದಿಗಿಟ್ಟು ಮಗನ ಪಕ್ಕದ ಸೀಟಿನಲ್ಲಿ ಕೂತು ಒಂದು ಸುತ್ತು ಹೋಗಿಬನ್ನಿ. ಆ ಸದ್ದಿನಲ್ಲಿ ಅವನಿಗೇನು ಸುಖವಿದೆಯೆಂದು ಕೇಳಿ, ಅದು ಇಂಪಾಗಿದ್ದರೆ ಇಂಪಾಗಿದೆಯೆಂದೇ ಹೇಳಿ. ಅನಂತರ ಕಾರನ್ನು ಅವನ ಕೈಗೇ ಬಿಟ್ಟು, ನೀವು ಇಳಿದು ಮನೆಯೊಳಗೆ ಅಜ್ಜಿ ಮಲಗುವ ಕೋಣೆಯಲ್ಲಿ ನಿಂತುಕೊಂಡು, ಓಣಿಯಲ್ಲಿ ಒಮ್ಮೆ ಹಾದುಹೋಗಲು ಹೇಳಿ. ಮುಂದಿನ ಸಲ ಒಳಗೆ ನಿಲ್ಲುವ ಸರದಿ ಅವನದು. ಕಳಚಿದ ಹಳೆಯ ಬಾಕ್ಸನ್ನು ಮಾತ್ರ ಗುಜರಿಗೆ ಹಾಕಲು ಬಿಡಬೇಡಿ, ಅಟ್ಟದ ಮೇಲೆ ಇಡಿಸಿ. ಅದನ್ನು ಮರಳಿ ಜೋಡಿಸಲು ಒಂದು ಸ್ಪ್ಯಾನರ್, ಒಂದು ಸ್ಕ್ರೂಡ್ರೈವರ್ ಮತ್ತು ಅರ್ಧ ಗಂಟೆ ಸಾಕೆಂದು ನಮ್ಮ ವಿದ್ಯಾರ್ಥಿ ಹೇಳುತ್ತಾನೆ.