ಪರಿವಿಡಿಯಲ್ಲಿ ಒಂದು ಸಾಲು

ಮುಂಬಯಿಯಲ್ಲಿ ಕನ್ನಡ ಸಂಘಗಳಿಗೆ ಬರವಿಲ್ಲ. ಮಾಟುಂಗಾದ ಮೈಸೂರು ಅಸೋಸಿಯೇಶನ್ 1926ರಷ್ಟು ಹಳೆಯದು. ಉಪನಗರಗಳಲ್ಲಂತೂ ರೈಲು ನಿಲ್ದಾಣಕ್ಕೊಂದು ಸಂಘ ಅಂದರೂ ನಡೆದೀತು. ಸಂಘ ಅಂದಮೇಲೆ ವಾರ್ಷಿಕೋತ್ಸವ, ಯಕ್ಷಗಾನ, ಒಂದು ಸ್ಮರಣ ಸಂಚಿಕೆ ಇರಲೇಬೇಕು. ಸಂಚಿಕೆಯ ಕೆಲಸ ಬೀಳುವುದು ಹೆಚ್ಚಾಗಿ ನನ್ನಂಥ ನಿವೃತ್ತ ಬ್ಯಾಂಕಿನವರ ತಲೆಗೆ. "ನಿಮಗೆ ಹೇಗೂ ಪುರುಸೊತ್ತುಂಟಲ್ಲ ಮಾರಾಯ್ರೆ" ಅಂದರೆ ಮುಗಿಯಿತು.

ನಮ್ಮ ಸಂಘದವರು ಸಂಗ್ರಹಿಸಿದ್ದು ಹಗಲಿಡೀ ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಕಲಿತವರ ನೆನಪುಗಳು. ನಲವತ್ತಕ್ಕೂ ಹೆಚ್ಚು ಬರಹಗಳು, ಟೈಪ್ ಮಾಡಿದವರು ಐದಾರು ಮಂದಿ. ಒಬ್ಬರು ತಲೆಬರಹವನ್ನು ದಪ್ಪ ಮಾಡಿದ್ದರು. ಇನ್ನೊಬ್ಬರು ಅಕ್ಷರದ ಗಾತ್ರ 18ಕ್ಕೆ ಏರಿಸಿ ಅಡಿಗೆರೆ ಎಳೆದಿದ್ದರು. ಮತ್ತೊಬ್ಬರು ಸ್ಪೇಸ್ ಬಾರ್ ಒತ್ತಿ ಒತ್ತಿ ಸಾಲನ್ನು ಮಧ್ಯಕ್ಕೆ ತಂದಿದ್ದರು. ನಮ್ಮ ಕಣ್ಣಿಗೆ ಎಲ್ಲವೂ ತಲೆಬರಹಗಳೇ. ಕಂಪ್ಯೂಟರಿಗೆ ಮಾತ್ರ ಒಂದೂ ಅಲ್ಲ!

ಇದು ಬ್ಯಾಂಕಿನವರಿಗೆ ಬೇಗ ಅರ್ಥವಾಗುವ ವಿಷಯ. ನಾನು ಕೆಲಸಕ್ಕೆ ಸೇರಿದ 1980ರ ದಶಕದಲ್ಲಿ ಕೈಬರಹದ ಲೆಡ್ಜರುಗಳಿದ್ದವು. ಮೊದಲ ಪುಟಗಳಲ್ಲಿ ಇಂಡೆಕ್ಸ್: ಖಾತೆದಾರನ ಹೆಸರು, ಎದುರಿಗೆ ಫೋಲಿಯೋ ನಂಬರು. ವೋಚರಿನಲ್ಲಿ ಮೊತ್ತವನ್ನು ಎಷ್ಟೇ ದೊಡ್ಡದಾಗಿ ಬರೆಯಿರಿ, ಅಕೌಂಟ್ ಹೆಡ್ ಹಾಕದಿದ್ದರೆ ಅದು ಯಾವ ಲೆಡ್ಜರಿಗೂ ಹೋಗದು. ವರ್ಡ್‌ನಲ್ಲಿರುವ ಪ್ಯಾರಾಗ್ರಾಫ್ ಸ್ಟೈಲ್ ಅನ್ನುವುದು ಈ ಹೆಡ್ ಇದ್ದ ಹಾಗೆ. 'ಹೆಡಿಂಗ್ 1' ಅಂದರೆ ವಿಭಾಗ, 'ಹೆಡಿಂಗ್ 2' ಅಂದರೆ ಅದರೊಳಗಿನ ಲೇಖನ. ಸಾಲಿನ ಮೇಲೆ ಕರ್ಸರ್ ಇಟ್ಟು ಕಂಟ್ರೋಲ್, ಆಲ್ಟ್, 2 ಒಟ್ಟಿಗೆ ಒತ್ತಿದರೆ ಆ ಸಾಲಿಗೆ ಸ್ಥಾನ ಸಿಕ್ಕಿತು. ಅದು ಹೇಗೆ ಕಾಣಬೇಕು, ಮೇಲೆ ಎಷ್ಟು ಜಾಗ ಬಿಡಬೇಕು ಅನ್ನುವುದನ್ನೆಲ್ಲ ಸ್ಟೈಲಿನಲ್ಲಿ ಒಂದೇ ಸಲ ಬದಲಿಸಿದರೆ ನಲವತ್ತೂ ಕಡೆ ಬದಲಾಗುತ್ತದೆ.

ಆಮೇಲೆ ಪರಿವಿಡಿಯನ್ನು ನಾವು ಬರೆಯಬೇಕಾಗಿಲ್ಲ. 'ರೆಫರೆನ್ಸಸ್'ಗೆ ಹೋಗಿ ಕೇಳಿದರೆ ಹೆಡಿಂಗ್‌ಗಳನ್ನು ತಾನೇ ಹೆಕ್ಕಿ, ಚುಕ್ಕಿ ಸಾಲು ಹಾಕಿ, ಪುಟಸಂಖ್ಯೆ ಕೊಡುತ್ತದೆ. ಕೊನೇ ಗಳಿಗೆಯಲ್ಲಿ ಜಾಹೀರಾತೊಂದು ಬಂದು ಪುಟಗಳೆಲ್ಲ ಮುಂದೆ ಹೋದವೇ? ಪರಿವಿಡಿಯ ಮೇಲೆ ಕ್ಲಿಕ್ ಮಾಡಿ ಎಫ್9 ಒತ್ತಿದರಾಯಿತು. ಕೈಯಲ್ಲೇ ಟೈಪ್ ಮಾಡಿದ ಪರಿವಿಡಿ ಅಂದರೆ ಲೆಡ್ಜರ್ ನೋಡದೆ ಬರೆದ ಟ್ರಯಲ್ ಬ್ಯಾಲೆನ್ಸು.

ಕನ್ನಡಕ್ಕೆ ಎರಡು ತೊಡಕುಗಳಿವೆ, ಊರಲ್ಲಿ ಇಂಥ ಕೆಲಸ ಮಾಡುವವರಿಗೆ ಹೇಳಿಬಿಡುತ್ತೇನೆ. ಯೂನಿಕೋಡಿಗೆ ಮುಂಚಿನ ಫಾಂಟುಗಳಲ್ಲಿ ಕಾಣುವ ಕನ್ನಡ ಬರೀ ವೇಷ. ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಸಂಖ್ಯೆ. ಪರಿವಿಡಿಗೆ 'ಟಿಒಸಿ 1', 'ಟಿಒಸಿ 2' ಎಂಬ ಬೇರೆಯೇ ಸ್ಟೈಲುಗಳಿವೆ. ಅವುಗಳ ಫಾಂಟು ಇಂಗ್ಲಿಷಿನದ್ದಾದರೆ ಚೌಕಿಯಲ್ಲಿ ವೇಷ ಕಳಚಿದ ಹಾಗೆ ಹೆಸರುಗಳೆಲ್ಲ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗುತ್ತವೆ. ಆದ್ದರಿಂದ ಮೊದಲು ಎಲ್ಲವನ್ನೂ ಯೂನಿಕೋಡಿಗೆ ಬದಲಿಸಿಕೊಳ್ಳಬೇಕು. ಎರಡನೆಯದು, ಸ್ಟೈಲಿನಲ್ಲಿ ಫಾಂಟು ಬದಲಿಸಿದರೂ ಕನ್ನಡ ಜಪ್ಪಯ್ಯ ಅನ್ನದಿದ್ದರೆ 'ಕಾಂಪ್ಲೆಕ್ಸ್ ಸ್ಕ್ರಿಪ್ಟ್ಸ್' ಅನ್ನುವ ಕಡೆ ನೋಡಿ. ನಮ್ಮ ಲಿಪಿಯ ಫಾಂಟನ್ನು ಅಲ್ಲಿ ಬೇರೆಯಾಗಿ ಹೇಳಬೇಕು.

ಇಷ್ಟೆಲ್ಲ ಮಾಡಿ ಮೊದಲ ಪರಿವಿಡಿ ತೆಗೆದಾಗ ಒಂದು ಬರಹಕ್ಕೆ ಸಾಲೇ ಇರಲಿಲ್ಲ. ಹುಡುಕಿದೆ. ಎಂಬತ್ತು ದಾಟಿದ ಅಮ್ಮ ಒಬ್ಬರು, ಚಾಳಿನ ಒಂದೇ ಕೋಣೆಯಲ್ಲಿ ಊರಿನ ಹುಡುಗರಿಗೆ ವರ್ಷಗಟ್ಟಲೆ ಗಂಜಿ ಊಟ ಹಾಕಿದವರು. ಅವರು ಹೇಳಿ ಬರೆಸಿದ ಎರಡು ಪುಟ ಗಂಡನ ಲೇಖನದ ಬಾಲಕ್ಕೆ ಅಂಟಿಕೊಂಡಿತ್ತು, ಮೇಲೆ ಒಂದು ದಪ್ಪಕ್ಷರದ ಸಾಲು. ಟೈಪ್ ಮಾಡಿದ ಹುಡುಗ ತನಗೆ ಬಂದ ಹಸ್ತಪ್ರತಿಯಲ್ಲಿ ಇದ್ದ ಹಾಗೆ ಮಾಡಿದ್ದ, ಪಾಪ.

ಸಮಿತಿಯಲ್ಲಿ ವಿಷಯ ಎತ್ತಿದೆ. "ಗಂಡನದ್ದರಲ್ಲೇ ಉಂಟಲ್ಲ, ಬೇರೆ ಯಾಕೆ?" ಅಂತ ಒಬ್ಬರು. "ಅವರು ರಾತ್ರಿಶಾಲೆಗೆ ಹೋದವರೇ ಅಲ್ಲ" ಅಂತ ಇನ್ನೊಬ್ಬರು. ಮಾತು ನಿಜ. ಆದರೆ ಅವರು ರಾತ್ರಿ ಹತ್ತೂವರೆಗೆ ಊಟ ಕಾದಿಟ್ಟದ್ದಕ್ಕೇ ಶಾಲೆಗೆ ಹೋದವರು ಆ ಪುಸ್ತಕದಲ್ಲೇ ಏಳು ಜನ ಇದ್ದರು. ತಮ್ಮ ಲೇಖನಗಳಲ್ಲಿ ಹಾಗೆಂದು ಬರೆದಿದ್ದರು. ಆ ಸಾಲುಗಳನ್ನು ಓದಿ ಹೇಳಿದೆ. ಅಧ್ಯಕ್ಷರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಕಿ" ಅಂದರು. ಮೂರು ಕೀಲಿ, ಆಮೇಲೆ ಎಫ್9. ಗಂಡನ ಹೆಸರಿನ ಕೆಳಗೆ ಅವರ ಹೆಸರು ಬಂತು, ತನ್ನದೇ ಪುಟಸಂಖ್ಯೆಯೊಡನೆ.

ಪುಸ್ತಕ ಬಿಡುಗಡೆಯ ದಿನ ಆ ಅಮ್ಮ ಪರಿವಿಡಿಯ ಚುಕ್ಕಿ ಸಾಲಿನ ಮೇಲೆ ಬೆರಳು ಸರಿಸುತ್ತಾ ಹೋಗಿ, ಅಂಕಿ ನೋಡಿ, ಪುಟ ತೆಗೆದರು. ಪಕ್ಕದಲ್ಲಿ ಕೂತ ಮೊಮ್ಮಗಳಿಗೆ ಕನ್ನಡ ಮಾತು ಬರುತ್ತದೆ, ಓದು ಕಷ್ಟ. ಅಕ್ಷರ ಕೂಡಿಸಿ ಕೂಡಿಸಿ ಅಜ್ಜಿಯ ಹೆಸರು ಓದಿದಳು. ಪರವೂರಿನಲ್ಲಿ ಬೆಳೆದ ನಮ್ಮ ಮಕ್ಕಳಲ್ಲಿ ಎಷ್ಟೋ ಮಂದಿ ಪುಸ್ತಕದಲ್ಲಿ ಓದುವುದು ಅಷ್ಟನ್ನೇ, ಪರಿವಿಡಿಯ ಒಂದು ಪುಟವನ್ನು. ಅದರಲ್ಲಿ ಯಾರಿಗೆ ಸಾಲು ಇಲ್ಲವೋ ಅವರು ಆ ಮಕ್ಕಳ ಪಾಲಿಗೆ ಇಲ್ಲವೇ ಇಲ್ಲ.