ಬಲಕ್ಕೆ ಓಡುವ ಅಲೆ

ಬೆಳಗಾವಿಯವರಿಗೆ ಕಡಲು ದೂರವೇನಲ್ಲ. ಎರಡು ದಿನ ರಜೆ ಸಿಕ್ಕರೆ ಸಾಕು, ಖಾನಾಪುರ ತಾಲ್ಲೂಕಿನ ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟ್ ಇಳಿದು ಗೋವಾ ಸೇರುತ್ತೇವೆ. ಆದರೆ ನಮಗೆ ಪರಿಚಯ ಇರುವುದು ಹೊಳೆ, ಕೆರೆ, ಬಾವಿಯ ನೀರು. ಮಲಪ್ರಭೆಯಲ್ಲಿ ಈಜು ಕಲಿತವರಿಗೂ ಕಡಲು ಹೊಸದೇ. 2017ರ ಏಪ್ರಿಲ್‌ನಲ್ಲಿ ಮಾಲವಣ ಬಳಿಯ ವಾಯರಿ ತೀರದಲ್ಲಿ ಬೆಳಗಾವಿಯಿಂದ ಪ್ರವಾಸ ಹೋಗಿದ್ದ ಎಂಟು ಜನ ನೀರುಪಾಲಾದರು. ಅಂದಿನಿಂದ ಸಮುದ್ರದ ಹೆಸರೆತ್ತಿದರೆ ಸಾಕು, ನಮ್ಮ ಅವ್ವನ ಮುಖ ಬಾಡುತ್ತದೆ.

ಹೀಗಿರುವಾಗ ಮಗಳು ಸರ್ಫಿಂಗ್ ಕಲಿಯುತ್ತೇನೆ ಎಂದು ಹಟ ಹಿಡಿದಳು. ತಂಗಿಯ ಮನೆ ಚೆನ್ನೈನಲ್ಲಿದೆ. ಬೇಸಿಗೆ ರಜೆಯಲ್ಲಿ ಅಲ್ಲಿಗೆ ಹೋದಾಗ, ಊರಿನ ದಕ್ಷಿಣಕ್ಕಿರುವ ಕೋವಳಂಗೆ ಕರೆದುಕೊಂಡು ಹೋದೆ. ಕೇರಳದ ಕೋವಳಂ ಅಲ್ಲ. ಇದು ಮೀನುಗಾರರ ಊರು, ಇಲ್ಲಿನ ಅಲೆ ಸರ್ಫರ್‌ಗಳಿಗೆ ಅಚ್ಚುಮೆಚ್ಚು. ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡಿ ಕೊನೆಗೆ ಸೇರುವುದೂ ಇದೇ ಬಂಗಾಳ ಕೊಲ್ಲಿಯನ್ನು.

ಹಲಗೆ ಹಿಡಿದು ನೀರಿಗೆ ಓಡಬಹುದು ಅಂದುಕೊಂಡಿದ್ದಳು ಮಗಳು. ಕಲಿಸುವವರು ಮಾತ್ರ ಅರ್ಧ ಗಂಟೆ ಮರಳಿನ ಮೇಲೆ ಕೂರಿಸಿ, "ಸುಮ್ಮನೆ ನೋಡು" ಎಂದರು.

ನೋಡಲು ಬಹಳವಿತ್ತು. ನೆಲ ಮೂಗಿನಂತೆ ಕಡಲಿಗೆ ಚಾಚಿದ ಕಡೆ ಅಲೆ ಒಮ್ಮೆಲೇ ಕುಸಿಯುವುದಿಲ್ಲ. ನೀರಿನ ಆಳ ಅಲೆಯ ಎತ್ತರದ ಸುಮಾರು 1.3 ಪಟ್ಟಿಗೆ ಇಳಿದಾಗ ಅಲೆ ಮುರಿಯುತ್ತದೆ. ಚಾಚಿನ ತುದಿಯಲ್ಲಿ ಆಳ ಮೊದಲು ಕಡಿಮೆಯಾಗುತ್ತದೆ. ಆದ್ದರಿಂದ ಅಲ್ಲಿ ಮುರಿಯಲು ಶುರುವಾಗಿ, ಚಾಪೆ ಸುತ್ತಿದ ಹಾಗೆ ದಡದುದ್ದಕ್ಕೂ ಸಾಗುತ್ತದೆ. ದಕ್ಷಿಣದಿಂದ ಬಂದ ಅಲೆ ಇಲ್ಲಿ ಉತ್ತರಕ್ಕೆ ಓಡುತ್ತದೆ.

"ಬಲಗಡಿ ಅಲಿ ಅಂತಾರ, ಎಡಗಡಿ ಹೊಂಟೈತಲ್ಲಪ್ಪಾ?" ಎಂದಳು ಮಗಳು. ದಡದಲ್ಲಿ ಕೂತವರಿಗೆ ಎಡ ನಿಜ. ಆದರೆ ಸರ್ಫಿಂಗ್‌ನಲ್ಲಿ ಲೆಕ್ಕ ಹಿಡಿಯುವುದು ಅಲೆಯ ಮೇಲೆ ನಿಂತು ದಡದತ್ತ ಮುಖ ಮಾಡಿದವರ ಬಲಗೈ ಕಡೆಯಿಂದ.

ಒಳ್ಳೆಯ ಅಲೆಗೆ ಹಲವು ಸಂಗತಿ ಕೂಡಿ ಬರಬೇಕು. ದೂರದ ಕಡಲಿನ ಗಾಳಿಗೆ ಹುಟ್ಟಿದ ಅಲೆಗಳು ಬಿಡುವು ಕೊಟ್ಟು ಬರಬೇಕು. ಎರಡರ ನಡುವೆ ಹತ್ತು ಸೆಕೆಂಡಿಗಿಂತ ಹೆಚ್ಚಿದ್ದರೆ ಚೆನ್ನ. ಅವು ಚಾಚಿಗೆ ಓರೆಯಾಗಿ ಬರಬೇಕು. ಗಾಳಿ ನೆಲದಿಂದ ಕಡಲಿನತ್ತ ಮೆಲ್ಲಗೆ ಬೀಸಬೇಕು. ಆಗ ಅಲೆಯ ಮೈ ನುಣುಪಾಗಿರುತ್ತದೆ. ಅದಕ್ಕೇ ಬೆಳಗಿನ ಹೊತ್ತು ಲೇಸು. ಬಿಸಿಲೇರಿದಂತೆ ಕಡಲಗಾಳಿ ಎದ್ದು ಎಲ್ಲ ಕದಡುತ್ತದೆ. ಉಬ್ಬರ ಇಳಿತವೂ ಹೊಂದಬೇಕು.

ಎರಡು ದಿನ ಮಗಳು ಕಲಿತದ್ದು ದಡದ ಹತ್ತಿರದ ನೊರೆಯಲ್ಲಿ. ಮೂರನೇ ದಿನ ಗಾಳಿ ತಿರುಗಿತ್ತು. "ಇವತ್ತು ಬೇಡ" ಎಂದು ಕಲಿಸುವವರು ಹಲಗೆಗಳನ್ನು ಒಳಗಿಟ್ಟರು. ಬದಲಿಗೆ ಒಂದು ಪಾಠ ಹೇಳಿದರು: ನೀರು ಒಳಕ್ಕೆ ಎಳೆದರೆ ಅದಕ್ಕೆ ಎದುರಾಗಿ ಈಜಬೇಡಿ, ತೇಲುತ್ತಾ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದು ಸೆಳೆತದಿಂದ ಹೊರಬನ್ನಿ, ಕೈ ಎತ್ತಿ ಕೂಗಿ.

ನಮ್ಮ ರಾಜ್ಯದಲ್ಲೂ ಕಲಿಯಬಹುದು. ಮೂಲ್ಕಿಯಲ್ಲಿ 2004ರಿಂದ ಮಂತ್ರ ಸರ್ಫ್ ಕ್ಲಬ್ ಇದೆ. ಹತ್ತಿರದ ಸಸಿಹಿತ್ಲುವಿನಲ್ಲಿ 2016ರಲ್ಲಿ ಇಂಡಿಯನ್ ಓಪನ್ ಸರ್ಫಿಂಗ್ ನಡೆಯಿತು. ಮಳೆಗಾಲದಲ್ಲಿ ಮಾತ್ರ ಹೊಸಬರು ಆ ಕಡಲಿಗೆ ಇಳಿಯಬಾರದು.

ಊರಿಗೆ ಬಂದ ಮೇಲೆ ಅವ್ವ ಮೊದಲು ಕೇಳಿದ್ದು, "ಮೂರ ದಿನದಾಗ ಏನ್ ಕಲ್ತಿ?" ಮಗಳೆಂದಳು, "ಯಾವಾಗ ಇಳೀಬಾರದು ಅನ್ನೋದ ಕಲ್ತೀನಿ ಆಯಿ." ಅವ್ವ ಅವಳ ತಲೆ ಸವರಿ, ಮುಂದಿನ ಸಲ ತಾನೂ ಬರುತ್ತೇನೆ ಎಂದಳು.